ಕಿಂಡಿಯ ಆಚೆ ನಿಂತವಳು

ಗುರುವಾರ, ಮಧ್ಯಾಹ್ನ

ನಾನು ಏನು ಹೇಳಿದರೂ ಅರ್ಧವನ್ನಷ್ಟೇ ನಂಬುವ ನನ್ನ ಮಗಳಿಗೆ, ಅಮ್ಮನ ಪೂರ್ತಿ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡಬೇಕು. ಆದರೆ ಸುಳ್ಳು ಬರೆಯಲು ಕೈ ಬರುತ್ತಿಲ್ಲ. ಫೋನಿನಲ್ಲಿ ನಾನು ಬರೀ ಹೂಂ, ಹಾಂ ಎಂದು ಇಟ್ಟುಬಿಟ್ಟೆನೆಂದು ನೀನು ಮುಖ ಊದಿಸಿಕೊಂಡಿರುತ್ತೀಯ. ಏನು ಮಾಡಲಿ, ಈ ಮನೆಯಲ್ಲಿ ಗೋಡೆಗೂ ಕಿವಿ. ನಿನ್ನ ಅತ್ತಿಗೆ ಈಗ ಮಲಗುವುದು ಅಡುಗೆಮನೆಯ ಪಕ್ಕದ ಸಾಮಾನಿನ ಕೋಣೆಯಲ್ಲಿ. ನಡುವೆ ಇರುವುದು ಒಂದು ಹಲಗೆ. ಅದಕ್ಕೇ ಈ ಪತ್ರ. ಓದಿದ ಮೇಲೆ ಹರಿದು ಹಾಕು. ಅಳಿಯನಿಗೂ ತೋರಿಸಬೇಡ, ಅವರ ಬಾಯಲ್ಲಿ ಮಾತು ನಿಲ್ಲುವುದಿಲ್ಲ.

ಹೋದ ಪತ್ರದಲ್ಲಿ ನೀನು ಒಪ್ಪಿಕೊಂಡೆ. ಭಾನುವಾರ ಬಂದು ಅಣ್ಣನ ಮಗು ಗುಬ್ಬಿಯನ್ನು ಕರೆದುಕೊಂಡು ಹೋಗುತ್ತೇನೆ, ನಮ್ಮೂರಲ್ಲೇ ಶಾಲೆಗೆ ಸೇರಿಸುತ್ತೇನೆ ಎಂದೆ. ಅಷ್ಟಕ್ಕೇ ಬಿಡದೆ, ಅಮ್ಮಾ, ಅತ್ತಿಗೆಯ ಮೇಲೆ ಇಷ್ಟು ಅನುಮಾನಕ್ಕೆ ಸಾಕ್ಷಿ ಏನು ಎಂದು ಪಾಟೀಸವಾಲು ಹಾಕಿದ್ದೀಯ. ಹೆತ್ತ ತಾಯಿಗೇ ಸಾಕ್ಷಿ ಕೇಳುವ ಕಾಲ ಬಂತಲ್ಲ! ಇರಲಿ, ಬರೆಯುತ್ತೇನೆ. ನಾನು ಸೊಸೆಯ ಮೇಲೆ ಕತ್ತಿ ಮಸೆಯುವವಳಲ್ಲವೆಂದು ನಿನಗೆ ಗೊತ್ತು. ನಗಬೇಡ.

ಅವಳನ್ನು ಆಸ್ಪತ್ರೆಯ ಆ ಸೋಂಕಿನ ವಾರ್ಡಿನ ನರ್ಸ್ ಡ್ಯೂಟಿಗೆ ಹಾಕಿದ ಮೇಲೆಯೇ ಇದೆಲ್ಲ ಶುರುವಾದದ್ದು. ಬೆಳಿಗ್ಗೆ ಎದ್ದವಳು ತೊಟ್ಟು ನೀರು ಕುಡಿಯುವುದಿಲ್ಲ. ಟೀ ಮಾಡಿ ಮುಂದಿಟ್ಟರೆ, ಬೇಡ ಅತ್ತೆ, ಡ್ಯೂಟಿ ಇದೆ ಅನ್ನುತ್ತಾಳೆ. ಡ್ಯೂಟಿ ಇದ್ದವರು ಟೀ ಕುಡಿಯಬಾರದೆಂದು ಯಾವ ದೊರೆ ಡಂಗುರ ಹೊಡೆಸಿದ್ದಾನೆ? ನನ್ನ ಕೈಯಿಂದ ಏನೂ ಬೇಡ ಎಂಬ ಅರ್ಥವೇ ಎಂದು ನನ್ನ ಹೊಟ್ಟೆ ಉರಿದುಹೋಯಿತು. ಒಂದು ದಿನ ಬೇಕೆಂದೇ ಏಲಕ್ಕಿ ಹಾಕಿ, ಘಮ ಬರುವ ಹಾಗೆ ಮಾಡಿ ಇಟ್ಟೆ. ಲೋಟವನ್ನು ಎತ್ತಿ ಮೂಸಿ ನೋಡಿದಳು, ಕಣ್ಣು ಮುಚ್ಚಿದಳು, ಮತ್ತೆ ಕೆಳಗಿಟ್ಟು ಹೊರಟೇ ಹೋದಳು. ಟೀಗೆ ವಿಷ ಹಾಕಿದ್ದೇನೆಯೇ ಎಂದು ಮೂಸಿ ನೋಡುವ ಹಾಗೆ!

ಆಮೇಲೆ ಕೂದಲು. ಸೊಂಟದವರೆಗಿದ್ದ ಜಡೆ, ಮದುವೆಯಲ್ಲಿ ನೀನೇ ಹೆಣೆದದ್ದು, ಅದನ್ನು ಅಡುಗೆಮನೆಯ ಕತ್ತರಿಯಲ್ಲಿ ಕಚಕ್ಕೆಂದು ಕತ್ತರಿಸಿಕೊಂಡು ಬಂದು ನಿಂತಳು. ಕೇಳಿದರೆ, ಟೋಪಿ ಒಳಗೆ ಹಿಡಿಸಲ್ಲ ಅತ್ತೆ, ಬೆವರಿಗೆ ತಲೆಯೆಲ್ಲ ಗುಳ್ಳೆ ಅಂದಳು. ಅತ್ತಿದ್ದರೆ ನಾನೂ ಅಳುತ್ತಿದ್ದೆ. ಅಳಲಿಲ್ಲ, ಪೊರಕೆ ತಂದು ಗುಡಿಸಿ ಹಾಕಿದಳು.

ಮುಖ ನೋಡಿದರಂತೂ ಕರುಳು ಚುರುಕ್ಕೆನ್ನುತ್ತದೆ. ಮೂಗಿನ ಮೇಲೆ ಕಪ್ಪುಗಟ್ಟಿದ ಗಾಯ, ಕೆನ್ನೆಯ ಮೇಲೆ ಬಾಸುಂಡೆ, ಕಿವಿಯ ಹಿಂದೆ ಚರ್ಮ ಸುಲಿದಿದೆ. ಬೆರಳುಗಳು ದಿನವಿಡೀ ಬಟ್ಟೆ ಒಗೆದವಳ ಹಾಗೆ ಬೆಳ್ಳಗೆ ಮುದುಡಿರುತ್ತವೆ. ಅಮ್ಮನ ಮುಖಕ್ಕೆ ಯಾರು ಗೆರೆ ಎಳೆದರು ಅಜ್ಜಿ ಎಂದು ಗುಬ್ಬಿ ನನ್ನನ್ನು ಕೇಳುತ್ತಾಳೆ. ನಾನೇನು ಹೇಳಲಿ? ಮಗು ಓಡಿಹೋಗಿ ಅಪ್ಪಿಕೊಳ್ಳಲು ನೋಡಿದರೆ ಇವಳು ದೂರ, ದೂರ ಎಂದು ಕಿರುಚಿ ಬಚ್ಚಲಿಗೆ ನುಗ್ಗುತ್ತಾಳೆ. ಸ್ನಾನ ಮುಗಿಸಿ ಬಂದರೆ ಗೋಡೆಗೆ ಒರಗಿ ನಿಂತಲ್ಲೇ ನಿದ್ದೆ. ತಾಯಿ ಇದ್ದೂ ಇಲ್ಲದ ಹಾಗಾಗಿದೆ ಆ ಮಗುವಿಗೆ.

ಇದೆಲ್ಲ ಒಂದು ತೂಕವಾದರೆ ಈಗ ಬರೆಯುವುದೇ ಒಂದು ತೂಕ. ಹೋದ ವಾರ ಹಾಸಿಗೆ ಹೊದಿಕೆ ಹುಡುಕುತ್ತಾ ಅವಳ ಬೀರು ತೆಗೆದೆ. (ಹೊದಿಕೆಯನ್ನೇ ಹುಡುಕುತ್ತಿದ್ದೆ, ಬೇರೇನಲ್ಲ.) ಸೀರೆಗಳ ಹಿಂದೆ ದೊಡ್ಡ ದೊಡ್ಡ ಪ್ಯಾಕೆಟ್ಟುಗಳು. ಬಿಡಿಸಿ ನೋಡಿದರೆ, ಮಕ್ಕಳಿಗೆ ಕಟ್ಟುವ ಡೈಪರ್ ಇರುತ್ತದಲ್ಲ, ಅಂಥವು, ಆದರೆ ದೊಡ್ಡವರ ಅಳತೆಯವು! ಗುಬ್ಬಿಗೆ ಅದನ್ನು ಬಿಡಿಸಿ ವರ್ಷಗಳಾದವು. ನಿನ್ನ ಅಣ್ಣನಿಗಂತೂ ಬೇಕಿಲ್ಲ. ಹಾಗಾದರೆ ಯಾರಿಗೆ? ಹಾಸಿಗೆ ಹಿಡಿದ ಮುದುಕರಿಗೆ ಬೇಕಾಗುವ ವಸ್ತು ಈ ವಯಸ್ಸಿನ ಹೆಣ್ಣಿನ ಬೀರುವಿನಲ್ಲಿ ಯಾಕೆ? ಮೇಲಿನ ಮನೆಯ ಟೈಲರಮ್ಮನ ಕಿವಿಗೆ ಸುಮ್ಮನೆ ಹಾಕಿದೆ. ಅವಳು ಹೊಲಿಗೆ ಯಂತ್ರ ನಿಲ್ಲಿಸಿ, ಮುಚ್ಚಿಟ್ಟಿದ್ದಾಳೆ ಅಂದ್ರೆ ಒಳಗೇನೋ ದೊಡ್ಡ ಕಾಯಿಲೇನೇ ಇರಬೇಕು ಕಣ್ರೀ, ನೀರು ಬೇರೆ ಕುಡಿಯಲ್ಲ ಅಂತೀರಿ, ಮಗೂನ ದೂರ ಇಡಿ ಅಂದಳು. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಮಗಳೇ?

ಆದರೂ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಅದಕ್ಕೇ ನಿನ್ನೆ ನಾನೇ ಆಸ್ಪತ್ರೆಗೆ ಹೋದೆ. ಮನೆಯಲ್ಲಿ ಕನ್ನಡಕ ರಿಪೇರಿಗೆ ಹೋಗುತ್ತೇನೆ ಎಂದು ಹೇಳಿದ್ದೆ. ಆ ವಾರ್ಡಿನ ಮುಂದೆ ಗಾಜಿನ ಬಾಗಿಲು, ಬಾಗಿಲಿನಲ್ಲಿ ಒಂದು ಕಿಂಡಿ, ಕಿಂಡಿಯ ಪಕ್ಕ ಒಂದು ಬೆಂಚು. ಬೆಂಚಿನ ಮೇಲೆ ಒಬ್ಬಳು ಆಯಾ. ನಮ್ಮವಳನ್ನು ಕರೆಯಿರಿ ಎನ್ನಲಿಲ್ಲ, ಕರೆದರೆ ಎಚ್ಚೆತ್ತುಕೊಳ್ಳುತ್ತಾಳಲ್ಲ! ಯಾರಾದರೂ ಒಬ್ಬ ನರ್ಸಮ್ಮನ ಹತ್ತಿರ ಮಾತಾಡಬೇಕು ಎಂದೆ. ಆಯಾ ಗಾಜು ಬಡಿದಳು.

ಒಳಗಿದ್ದವರನ್ನು ನೋಡಿ ನನಗೆ ದಿಗಿಲಾಯಿತು. ತಲೆಯಿಂದ ಕಾಲಿನವರೆಗೆ ಬಿಳಿ ಪ್ಲಾಸ್ಟಿಕ್ಕು. ಹೆಣ್ಣೋ ಗಂಡೋ, ಮುದುಕಿಯೋ ಹುಡುಗಿಯೋ ತಿಳಿಯುವುದಿಲ್ಲ. ಅವರಲ್ಲೊಬ್ಬಳು ಗೋಡೆ ಹಿಡಿದುಕೊಂಡು, ಕಾಲೆಳೆಯುತ್ತಾ ಬಂದಳು. ನಮ್ಮವಳು ನಿನಗೆ ಗೊತ್ತಲ್ಲ, ಬಿರುಗಾಳಿಯ ಹಾಗೆ ನಡೆಯುವವಳು. ಇವಳು ನಿವೃತ್ತಿ ಹತ್ತಿರವಾದ ಹಿರಿಯ ನರ್ಸಿರಬೇಕು, ಪಾಪ. ಒಳ್ಳೆಯದೇ ಆಯಿತು, ಹಿರಿಯರಿಗೆ ನನ್ನ ಕಷ್ಟ ಅರ್ಥವಾಗುತ್ತದೆ ಎಂದುಕೊಂಡೆ.

ನನ್ನ ಸೊಸೆ ಇಲ್ಲೇ ಕೆಲಸ ಮಾಡುತ್ತಾಳೆ, ಗೊತ್ತೇನಮ್ಮಾ ಎಂದು ಹೆಸರು ಹೇಳಿದೆ. ಗೊತ್ತು ಎಂಬಂತೆ ತಲೆಯಾಡಿಸಿದಳು. ಆ ಮುಖಗವಸಿನೊಳಗಿಂದ ಮಾತಾಡಿದರೆ ಉಸಿರು ಸಾಲುವುದಿಲ್ಲವಂತೆ, ಕೈಸನ್ನೆಯಲ್ಲೇ ಎಲ್ಲ ಎಂದು ಆಯಾ ಹೇಳಿದಳು. ಸರಿ, ನಾನು ಕಿಂಡಿಗೆ ಬಾಯಿಟ್ಟು ಒಂದೂ ಬಿಡದೆ ಹೇಳಿಬಿಟ್ಟೆ. ಟೀ ಕುಡಿಯದ್ದು, ಕೂದಲು, ಪ್ಯಾಕೆಟ್ಟು, ಎಲ್ಲ. ಅವಳಿಗೆ ಯಾವ ಕಾಯಿಲೆ, ನಿಮಗೆ ಗೊತ್ತಿದ್ದರೆ ಹೇಳಿಬಿಡಿ ಎಂದು ಕೈ ಮುಗಿದೆ. ನಿನ್ನ ಅಣ್ಣನಿಗೂ ಹೇಳದ ಮಾತನ್ನೂ ಹೇಳಿದೆ: ಭಾನುವಾರ ನನ್ನ ಮಗಳು ಬಂದು ಮಗೂನ ಕರ್ಕೊಂಡು ಹೋಗ್ತಾಳೆ, ಅಲ್ಲೀವರೆಗೆ ಹೆತ್ತವಳಿಗೆ ಗೊತ್ತಾಗಬಾರದು, ಆ ಮಗೂಗೆ ಅಂಥ ತಾಯಿ ಇದ್ದರೇನು, ಇಲ್ಲದಿದ್ದರೇನು ಎಂದೆ. ಗುರುತು ಪರಿಚಯವಿಲ್ಲದವರ ಹತ್ತಿರ ಮನಸ್ಸು ಎಷ್ಟು ಸಲೀಸಾಗಿ ಹಗುರವಾಗುತ್ತದೆ ನೋಡು.

ಅವಳ ಕೈ ಮುಖಕ್ಕೆ ಬಿಗಿದ ದೊಡ್ಡ ಕನ್ನಡಕದ ಹತ್ತಿರ ಹೋಯಿತು, ಅರ್ಧಕ್ಕೇ ನಿಂತಿತು. ಒಳಗೆ ಇರುವಷ್ಟು ಹೊತ್ತು ಮುಖ ಮುಟ್ಟಿಕೊಳ್ಳುವ ಹಾಗಿಲ್ಲವಂತೆ, ಮೂಗು ತುರಿಸಿದರೂ ಇಲ್ಲ. ಕನ್ನಡಕದ ಒಳಗೆ ಕಟ್ಟಿದ ಹಬೆ ಹನಿಯಾಗಿ ಇಳಿಯುತ್ತಿತ್ತು. ಎಷ್ಟು ಬೆವರು ಅಂತೀಯ! ಆಮೇಲೆ ನನ್ನ ಹಿಂದಿದ್ದ ಬೆಂಚನ್ನು ತೋರಿಸಿ, ಕೂತುಕೊಳ್ಳಿ ಎಂದು ಸನ್ನೆ ಮಾಡಿದಳು. ನನ್ನ ಮೊಣಕಾಲು ನೋವು ಅವಳಿಗೆ ಹೇಗೆ ತಿಳಿಯಿತೋ, ಅನುಭವಸ್ಥೆ. ತಿರುಗಿ ಹೊರಟಾಗ ಬೆನ್ನ ಮೇಲೆ ಕಪ್ಪು ಮಸಿಯಲ್ಲಿ ಏನೋ ಬರೆದಿತ್ತು. ಒಳಗೆ ಯಾರು ಯಾರೆಂದು ಅವರಿಗೇ ತಿಳಿಯದ ಕಾರಣ ಒಬ್ಬರ ಬೆನ್ನಿಗೆ ಇನ್ನೊಬ್ಬರು ಹೆಸರು ಬರೆಯುತ್ತಾರಂತೆ. ನನ್ನ ಮಾಸ್ಕಿನ ಉಸಿರಿಗೆ ನನ್ನ ಕನ್ನಡಕವೂ ಮಂಜಾಗಿತ್ತು, ಓದಲಾಗಲಿಲ್ಲ. ಓದಿ ನನಗಾದರೂ ಏನಾಗಬೇಕಿತ್ತು?

ಟೀ, ಪ್ಯಾಕೆಟ್ಟಿನ ಮಾತಷ್ಟೇ ಕಿವಿಗೆ ಬಿದ್ದಿದ್ದ ಆಯಾ ನಕ್ಕಳು. ಅಯ್ಯೋ ಅಜ್ಜಿ, ಆ ಅಂಗಿ ಒಂದ್ಸಲ ಹಾಕಿದ್ರೆ ಡ್ಯೂಟಿ ಮುಗಿಯೋವರೆಗೂ ಬಿಚ್ಚಂಗಿಲ್ಲ, ಬಿಚ್ಚಿದ್ರೆ ಅದನ್ನ ಬಿಸಾಕಬೇಕು, ಇನ್ನೊಂದು ಕೊಡಲ್ಲ. ನೀರು ಕುಡಿದ್ರೆ ಎಲ್ಲಿಗೆ ಹೋಗ್ತಾರೆ? ಅದಕ್ಕೇ ಕುಡಿಯಲ್ಲ, ಅದಕ್ಕೇ ಡೈಪರು, ಇಲ್ಲಿ ಎಲ್ಲರದೂ ಇದೇ ಪಾಡು ಅಂದಳು. ಇರಬಹುದು. ಆದರೆ ಆಯಾಗಳು ನರ್ಸುಗಳ ಪರವೇ ತಾನೇ ಮಾತಾಡುವುದು? ಕಾಯಿಲೆ ಇಲ್ಲದಿದ್ದರೆ ಮನೆಯವರಿಗೆ ಹೇಳಲು ಏನು ಧಾಡಿ? ನನ್ನ ಮನಸ್ಸು ಒಪ್ಪಲಿಲ್ಲ. ನಿನ್ನೆ ಮನೆಗೆ ಬಂದವಳು ನನ್ನ ಮುಖವನ್ನು ಎಂದೂ ಇಲ್ಲದ ಹಾಗೆ ನೋಡಿ, ಸೀದಾ ಕೋಣೆಗೆ ಹೋದಳು. ಅದರಲ್ಲೂ ಏನೋ ಇದೆ.

ಹಾಗಾಗಿ ಭಾನುವಾರ ತಪ್ಪಿಸಬೇಡ. ಬೆಳಗಿನ ಬಸ್ಸಿಗೇ ಬಾ. ಅವಳು ಡ್ಯೂಟಿಗೆ ಹೋದ ಮೇಲೆ ಗುಬ್ಬಿಯ ಬಟ್ಟೆಬರೆ ಕಟ್ಟುತ್ತೇನೆ.

ನಿನ್ನ ಒಳ್ಳೆಯದನ್ನೇ ಬಯಸುವ, ಯಾರನ್ನೂ ಸುಮ್ಮಸುಮ್ಮನೆ ಅನುಮಾನಿಸದ,
ಅಮ್ಮ

ಮರೆತ ಮಾತು, ಶುಕ್ರವಾರ ಬೆಳಿಗ್ಗೆ: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆಯಬೇಕು. ಇವತ್ತು ಅವಳಿಗೆ ರಜೆ. ನಾನು ಅಡುಗೆಮನೆಗೆ ಬಂದಾಗ ಬಾಗಿಲ ಬಳಿ ಒಂದು ಚೀಲ ಇತ್ತು, ಒಳಗೆ ಗುಬ್ಬಿಯ ಬಟ್ಟೆಗಳು, ಮಡಿಸಿ ಜೋಡಿಸಿದ್ದು. ಭಾನುವಾರ ನಾದಿನಿ ಬಂದಾಗ ಕೊಡಿ ಅತ್ತೆ, ನೀಲಿ ಸ್ವೆಟರ್ ಬಿಗಿಯಾಗಿದೆ, ಹೊಸದು ತಗೊಳ್ಳೋಕೆ ಹೇಳಿ, ದೀಪ ಆರಿಸಿದ್ರೆ ಹೆದರ್ತಾಳೆ ಅಂದಳು. ಜಗಳವಿಲ್ಲ, ಅಳುವಿಲ್ಲ. ಭಾನುವಾರದ ವಿಷಯ ನಿನಗೆ ಯಾರು ಹೇಳಿದರು ಎಂದು ಕೇಳಲು ಬಾಯಿ ತೆರೆದೆ. ನಾನು ಆ ಮಾತನ್ನು ನಿನಗಲ್ಲದೆ ಹೇಳಿದ್ದು ಒಬ್ಬಳಿಗೇ, ಕಿಂಡಿಯ ಆಚೆ ನಿಂತವಳಿಗೆ. ಆ ಕನ್ನಡಕದೊಳಗೆ ಇಳಿದದ್ದನ್ನು ಬೆವರು ಎಂದು ಬರೆದಿದ್ದೆನಲ್ಲ, ಅಯ್ಯೋ ನನ್ನ ಕಣ್ಣೇ! ಆಮೇಲೆ ಅವಳು ನೆಲದ ಮೇಲೆ ಕೂತು, ಇವತ್ತು ಡ್ಯೂಟಿ ಇಲ್ಲ, ಏಲಕ್ಕಿ ಹಾಕಿ ಟೀ ಮಾಡಿ ಕೊಡ್ತೀರಾ ಅತ್ತೆ ಅಂತ ಕೇಳಿದಳು. ಮಾಡಿಕೊಟ್ಟೆ. ಎರಡು ಲೋಟ ಕುಡಿದಳು. ಚೀಲ ಇನ್ನೂ ಬಾಗಿಲ ಬಳಿಯೇ ಇದೆ, ಅದನ್ನು ಬಿಚ್ಚಲು ನನಗೆ ಮುಖವಿಲ್ಲ. ನೀನು ಭಾನುವಾರ ಬರಬೇಡ.