ಗೋಡೆಯ ಈಚೆಯ ಪ್ರಾರ್ಥನೆ

ಮಲ್ಪೆ ಅಳತೆಗಂಬ,
೨೨೯೧, ಫೆಬ್ರವರಿ ೩೦

ಪ್ರೀತಿಯ ಸುಗುಣಜ್ಜಿಗೆ, ನಿಮ್ಮ ಏಳನೆಯ ತಲೆಮಾರಿನ ಮೊಮ್ಮಗಳು ಕರುಣಾವತಿಯ ವಂದನೆಗಳು. ತಾರೀಖು ನೋಡಿ ಗಾಬರಿಯಾಗಬೇಡಿ; ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಮಾತಾಡಲು ಯಾರೂ ಇಲ್ಲದೆ ನನ್ನ ನಾಲಗೆಗೂ ತುಕ್ಕು ಹಿಡಿದಿದೆ.

ಅಳತೆಗಂಬವೆಂದರೆ ನಿಮ್ಮ ಕಾಲದ ಮಲ್ಪೆ ಇದ್ದ ಜಾಗದಲ್ಲಿ, ಈಗ ನೀರಿನ ನಡುವೆ, ಉಕ್ಕಿನ ಕಾಲುಗಳ ಮೇಲೆ ನಿಂತ ಎರಡು ಕೋಣೆ, ಮಧ್ಯೆ ಒಂದು ಗೋಡೆ. ಕಡಲು ಎಷ್ಟು ಏರಿತೆಂದು ದಿನಕ್ಕೆರಡು ಸಲ ಅಳೆದು ದಡಕ್ಕೆ ತಿಳಿಸುವುದು ಕೆಲಸ. ತಿಂಗಳಿಗೊಮ್ಮೆ ದೋಣಿ ಬರುತ್ತದೆ. ಹನ್ನೊಂದು ವರ್ಷ ನನ್ನ ಜೊತೆಗಿದ್ದವರು ಗದಗ ಕಡೆಯ ನೀಲವ್ವ. ಮೀನು ಮುಟ್ಟದವರು ನನಗಾಗಿ ಮೀನಿನ ಸಾರು ಕುದಿಸಲು ಕಲಿತರು. ಉಪ್ಪು ಮಾತ್ರ ಕೊನೆಯವರೆಗೂ ಹದಕ್ಕೆ ಬರಲಿಲ್ಲ.

ನಮ್ಮ ಕಾಲದ ಒಂದು ಪದ್ಧತಿ ಹೇಳಬೇಕು. ಹಳೆಯ ಜಗಳಗಳಿಂದ ಬೇಸತ್ತ ಹಿರಿಯರು, ಯಾರೂ ತಮ್ಮ ದೇವರ ಸುದ್ದಿಯನ್ನು ಕೇಳದವರಿಗೆ ಹೇಳಬಾರದೆಂದು ಒಪ್ಪಿಕೊಂಡರು. ಕೇಳಿದರೆ ಹೇಳಲು ಸಿದ್ಧರಿರುವವರು ಮಣಿಕಟ್ಟಿಗೆ ಹಳದಿ ದಾರ ಕಟ್ಟಿಕೊಳ್ಳಬೇಕು. ಅದನ್ನು ಕೇಳುನೂಲು ಎನ್ನುತ್ತಾರೆ. ಒಳ್ಳೆಯ ಪದ್ಧತಿಯೇ. ನನ್ನದು ಹನ್ನೊಂದು ವರ್ಷವೂ ಅಂಗಿಯ ತೋಳಿನ ಒಳಗೇ ಇತ್ತು.

ಮೊದಲ ವಾರವೇ, ಊಟಕ್ಕೆ ಮುಂಚೆ ನನ್ನ ತುಟಿ ಅಲ್ಲಾಡುವುದನ್ನು ಕಂಡು ನೀಲವ್ವ ಏನದು ಎಂದು ಕೇಳಿದ್ದರು. ಕೇಳಿಯೇಬಿಟ್ಟಿದ್ದರು! ಬೆಳಗಿನ ಅಳತೆ ಮರೆಯದಿರಲೆಂದು ಬಾಯಿಪಾಠ ಮಾಡುತ್ತಿದ್ದೇನೆ ಎಂದೆ. ಹೆದರಿಕೆ ಅಜ್ಜಿ, ಮತ್ತೇನಲ್ಲ. ಇದ್ದವರು ಒಬ್ಬರೇ, ಅವರೂ ನಕ್ಕು ಮುಖ ತಿರುಗಿಸಿದರೆ ಇಷ್ಟು ದೊಡ್ಡ ಕಡಲಲ್ಲಿ ನಾನು ಯಾರ ಮುಖ ನೋಡಲಿ? ಅಂದಿನಿಂದ ಆ ಪುಣ್ಯಾತ್ಗಿತ್ತಿ, ನನ್ನ ಅಳತೆ ತಪ್ಪದಿರಲೆಂದು, ಪ್ರತಿ ಊಟದಲ್ಲೂ ರೊಟ್ಟಿ ಮುರಿಯದೆ, ಬಳೆಯ ಸದ್ದೂ ಆಗದಂತೆ ಕಾದು ಕೂರುತ್ತಿದ್ದರು.

ಐದನೆಯ ವರ್ಷ ದೋಣಿಯಲ್ಲಿ ಅವರ ಮಗಳು ತೀರಿಹೋದ ಸುದ್ದಿ ಬಂತು. ಗೋಡೆಯ ಈಚೆ ನಾನು ದಿನವೂ ನೀಲವ್ವನ ಹೆಸರೆತ್ತಿ ಯೇಸುವಿನ ಮುಂದೆ ಅತ್ತೆ. ಗೋಡೆಯ ಆಚೆ ಹೋಗಿ ಅದನ್ನು ಹೇಳಲಿಲ್ಲ.

ಹೋದ ತಿಂಗಳು, ವಯಸ್ಸಾಯಿತೆಂದು ಅವರನ್ನು ದಡಕ್ಕೆ ಕರೆಸಿಕೊಂಡರು. ದೋಣಿ ಕಣ್ಣಿಗೆ ಬಿದ್ದ ಮೇಲೆ ನನಗೆ ತಡೆಯಲಾಗಲಿಲ್ಲ. ಗಂಟು ಕಟ್ಟುತ್ತಿದ್ದವರ ಮುಂದೆ ಅಂಗಿಯ ತೋಳು ಮಡಚಿ ದಾರ ತೋರಿಸಿದೆ. ನನ್ನ ಸುಳ್ಳು, ನಾನು ನಂಬಿದ ಯೇಸು, ಮಗಳು ಹೋದ ವರ್ಷದ ಪ್ರಾರ್ಥನೆ, ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ.

“ನನ್ನ ಹೆಸರ ತಗೊಂಡು ಬೇಡ್ಕೊಳ್ಳಾಕಿ ಗ್ವಾಡಿ ಆಚೀಕ ಇದ್ಲು ಅಂತ ಗೊತ್ತಿದ್ದಿದ್ರ, ಆ ವರ್ಷ ನಾ ಅಷ್ಟ ಒಬ್ಬಾಕಿ ಆಗ್ತಿದ್ದಿಲ್ಲ, ತಂಗಿ,” ಎಂದರು. ಆಮೇಲೆ ನೆಲಕ್ಕೆ ಕೂತು, “ಈಗರ ಜೋರಾಗಿ ಅನ್ನು, ಕೇಳತೀನಿ,” ಎಂದರು. ಶುರುಮಾಡಿದೆ. ಅರ್ಧಕ್ಕೇ ದೋಣಿಯವನು ಕೂಗಿದ.

ಅಜ್ಜಿ, ನಿಮ್ಮ ದಿನಚರಿ ನನ್ನ ಬಳಿ ಇದೆ. ಪುಟಪುಟದಲ್ಲೂ ಪಕ್ಕದ ಮನೆಯ ಗಿರಿಜಮ್ಮ, ಅವರ ಕಾಯಿಲೆ, ಕೊನೆಗೆ ಅದೇ ಸಾಲು: ‘ಅವರಿಗಾಗಿ ಪ್ರಾರ್ಥಿಸುತ್ತಿದ್ದೇನೆಂದು ನಾಳೆ ಹೇಳುತ್ತೇನೆ.’ ಮುಂದಿನ ಹಾಳೆಗಳನ್ನು ಗೆದ್ದಲು ತಿಂದಿದೆ. ಹೇಳಿದಿರೋ ಇಲ್ಲವೋ ನನಗೆ ಗೊತ್ತಿಲ್ಲ. ಒಪ್ಪುವುದು ಬಿಡುವುದು ಅವರ ಇಷ್ಟ. ಈ ಕಾಗದ ಮಡಚಿಟ್ಟು ಈಗಲೇ ಹೋಗಿ, ಬಾಗಿಲು ದೂರವಿಲ್ಲ.

ಇಲ್ಲಿ ಊಟದ ಹೊತ್ತಾಯಿತು. ಈಗ ನಾನು ಪ್ರಾರ್ಥನೆಯನ್ನು ಜೋರಾಗಿಯೇ ಹೇಳುತ್ತೇನೆ. ಎದುರಿಗೆ ಕಾದು ಕೂರುವವರಿಲ್ಲ.

ಕರುಣಾವತಿ