ಮೊಸರಿನಲ್ಲಿ ಕಲ್ಲು ಹುಡುಕುವವಳಿಗೆ

ಪ್ರೀತಿಯ ತಕರಾರು ತಂಗಿಗೆ,

ಅಕ್ಷರ ಸೊಟ್ಟಗಿದೆ, ಸಾಲು ಬಲಕ್ಕೆ ಇಳಿದಿದೆ ಎಂದು ನೀನು ಓದುವ ಮೊದಲೇ ಕಂಡುಹಿಡಿದಿರುತ್ತೀಯ. ಇರಲಿ. ನೀನು ಕೆಲಸ ನಿಲ್ಲಿಸುತ್ತೀಯಂತೆ, ನಿನ್ನ ಅತ್ತಿಗೆ ಹೇಳಿದಳು. ಊರಿನ ಬಿಲ್ಡರುಗಳು ನಿನ್ನನ್ನು ಗೇಟಿನೊಳಗೆ ಬಿಡುತ್ತಿಲ್ಲ, ಮುಂದಿನ ತಿಂಗಳು ಆಫೀಸಿನ ಬೋರ್ಡು ಇಳಿಸಿ ಎಲ್ಲಾದರೂ ಗುಮಾಸ್ತೆಯಾಗಿ ಸೇರುತ್ತೀಯಂತೆ. ನಿನಗೆ ಫೋನಿನಲ್ಲಿ ಹೇಳಲು ನಾಲಗೆ ಏಳದ ಒಂದು ಮಾತು ನನ್ನಲ್ಲಿದೆ. ಅದಕ್ಕೇ ಈ ಕಾಗದ.

ಚಿಕ್ಕವಳಿದ್ದಾಗ ನಿನ್ನನ್ನು ನೆಂಟರ ಮನೆಗೆ ಕರೆದೊಯ್ಯಲು ಅಮ್ಮನಿಗೆ ಭಯ. ಕಾಲಿಟ್ಟ ತಕ್ಷಣ ಗೋಡೆಯ ಫೋಟೊ ಓರೆಯಾಗಿದೆ ಎನ್ನುತ್ತಿದ್ದೆ. ನನ್ನ ಹೊಸ ಅಂಗಿಯ ಎಡತೋಳು ಗಿಡ್ಡ ಎಂದೆ, ದರ್ಜಿ ಬೈದುಕೊಂಡೇ ಅಳೆದ, ಅರ್ಧ ಬೆರಳು ಗಿಡ್ಡವೇ ಇತ್ತು. "ಮೊಸರಲ್ಲಿ ಕಲ್ಲು ಹುಡುಕೋಳು ಇವಳು, ಇವಳ ಜೊತೆ ಯಾರು ಏಗ್ತಾರೋ" ಎಂದು ಅಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು. ದೊಡ್ಡವಳಾದ ಮೇಲೆ ಎರಡು ಕಡೆ ಕೆಲಸ ಕಳೆದುಕೊಂಡೆ. ಎರಡೂ ಕಡೆ ನೀನು ತೋರಿಸಿದ ತಪ್ಪು ನಿಜವಾಗಿತ್ತು ಎನ್ನುವುದೇ ತಮಾಷೆ.

ಆಮೇಲೆ ನೀನೇ ಒಂದು ಬೋರ್ಡು ಹಾಕಿದೆ: ಮನೆ ಕೊಳ್ಳುವ ಮೊದಲು ನಮಗೆ ತೋರಿಸಿ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನಾವೆಲ್ಲ ಅವಗುಣ ಎಂದು ತಿದ್ದಲು ಹೊರಟಿದ್ದನ್ನೇ ನೀನು ಕಸುಬು ಮಾಡಿಕೊಂಡೆ. ಒಂದು ಗೋಲಿ, ಒಂದು ಮರದ ಕೋಲು, ಒಂದು ಬಕೆಟ್ಟು, ಇಷ್ಟೇ ನಿನ್ನ ಬಂಡವಾಳ. ಗೋಲಿ ಉರುಳಿಸಿ ನೆಲ ಮಟ್ಟವಾಗಿದೆಯೇ ಎಂದು ನೋಡುತ್ತಿದ್ದೆ. ಟೈಲ್ಸುಗಳನ್ನು ಒಂದೊಂದಾಗಿ ಕೋಲಿನಿಂದ ತಟ್ಟಿ ಟೊಳ್ಳು ಸದ್ದಿಗೆ ಕಿವಿಗೊಡುತ್ತಿದ್ದೆ. ಬಚ್ಚಲಲ್ಲಿ ನೀರು ಸುರಿದು, ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ಕೂತು ನೀರು ಎತ್ತ ಹೋಗುತ್ತದೆಂದು ಕಾಯುತ್ತಿದ್ದೆ. ಮೂವತ್ತು ವರ್ಷ ಮನೆ ಕಟ್ಟಿದ ನನಗೆ ಆ ತಾಳ್ಮೆ ಇಲ್ಲ ತಂಗಿ.

ನಾನು ಕಟ್ಟಿದ ಮನೆ ಕೊಳ್ಳಲು ಬಂದ ಆ ನರ್ಸಮ್ಮ ಅದನ್ನು ನೋಡಲು ನಿನ್ನನ್ನೇ ಕರೆತಂದಳಲ್ಲ, ನೆನಪಿದೆಯಾ? ನೀನು ಬರುತ್ತೀಯೆಂದು ತಿಳಿದು ಟೊಳ್ಳಾಗಿದ್ದ ಮೂರು ಟೈಲ್ಸು ಹಿಂದಿನ ದಿನವೇ ಬದಲಿಸಿದ್ದೆ. ಆದರೂ ನೀನು ಹನ್ನೊಂದು ತಪ್ಪು ಬರೆದೆ. ನನ್ನ ಎದುರಿಗೇ ಅವಳಿಗೆ ಹೇಳಿದೆ: "ಈ ಮನೆ ಕಟ್ಟಿದ್ದು ನಮ್ಮಣ್ಣ. ಅದಕ್ಕೇ ಎರಡು ಸಲ ನೋಡಿದೆ." ಬಚ್ಚಲ ನೀರು ಜಾಲರಿಯ ಕಡೆಗೆ ಹೋಗದೆ ಬಾಗಿಲಿಗೆ ಬರುತ್ತದೆ, ಕೋಲೂರಿ ನಡೆಯುವ ಇವರ ತಾಯಿ ಜಾರಿ ಬೀಳುತ್ತಾರೆ ಎಂದೂ ಬರೆದಿದ್ದೆ. ಒಡಹುಟ್ಟಿದವಳೇ ಹೊಟ್ಟೆ ಮೇಲೆ ಹೊಡೆದಳು ಎಂದು ನಾನು ಕೂಗಾಡಿದೆ. ನಾಲ್ಕು ತಿಂಗಳು ಮಾತು ಬಿಟ್ಟೆ. ನಿನಗೆ ಗೊತ್ತಿರುವುದು ಇಷ್ಟು.

ಗೊತ್ತಿಲ್ಲದ್ದು ಕೇಳು. ಆ ನೆಲ ಹಾಕಿದ ದಿನವೇ ಇಳಿಜಾರು ತಪ್ಪಿದ್ದು ನನಗೆ ಕಂಡಿತ್ತು. ಯಾರು ನೋಡುತ್ತಾರೆ ಎಂದು ಬಿಟ್ಟಿದ್ದೆ. ನೀನು ತಪ್ಪು ಬರೆದುಕೊಟ್ಟ ಸಂಜೆಯೇ ನಮ್ಮ ಬಿಲ್ಡರುಗಳ ಸಂಘಕ್ಕೆ ಹೋಗಿ, ನಿನ್ನನ್ನು ಯಾರೂ ಒಳಗೆ ಬಿಡಬಾರದು ಎಂಬ ಕಾಗದ ಬರೆಸಿದವನು ನಾನು. ಮೊದಲ ಸಹಿ ನನ್ನದು. ನರ್ಸಮ್ಮ ಪಟ್ಟು ಹಿಡಿದಳೆಂದು ಬಚ್ಚಲ ನೆಲ ಒಡೆಸಿ ಸರಿ ಮಾಡಿಸಿಕೊಟ್ಟೆನೇ ಹೊರತು ಸಹಿಯ ವಿಷಯ ಬಾಯಿ ಬಿಡಲಿಲ್ಲ. ನಿನ್ನ ಮುಖ ನೋಡಲು ನಾಚಿಕೆಯಾಗುತ್ತಿತ್ತು.

ಹೋದ ವಾರ ಆ ಮನೆಯ ಮುಂದೆ ಹಾದುಹೋಗುವಾಗ ನರ್ಸಮ್ಮನ ತಾಯಿ ತಲೆಗೂದಲು ಒಣಗಿಸಿಕೊಳ್ಳುತ್ತ ನಿಂತಿದ್ದರು. ಕರೆದು ಹೇಳಿದರು: "ಬಚ್ಚಲಿಗೆ ಈಗ ಒಬ್ಬಳೇ ಹೋಗಿ ಬರ್ತೀನಪ್ಪ, ಯಾರ ಕೈನೂ ಹಿಡ್ಕೊಳ್ಳಲ್ಲ. ಒಳ್ಳೆ ಕೆಲಸ ಮಾಡಿದ್ದೀಯ." ನಿನಗೆ ಸಲ್ಲಬೇಕಾದ ಮಾತನ್ನು ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ.

ನಿನ್ನೆ ಸಂಘಕ್ಕೆ ಹೋಗಿ ನನ್ನ ಸಹಿ ಹೊಡೆದುಹಾಕಿದೆ. ತಂಗಿ ಅಂತ ಮನಸ್ಸು ಕರಗಿತಾ ಎಂದು ಕಾರ್ಯದರ್ಶಿ ಕಿಚಾಯಿಸಿದ. "ತಂಗಿ ಅಂತಲ್ಲ. ಅವಳು ಬರ್ತಾಳೆ ಅಂತ ಗೊತ್ತಿದ್ರೆ ನನ್ನ ಮೇಸ್ತ್ರಿಗಳು ನೆಟ್ಟಗೆ ಕಟ್ತಾರೆ. ನಾನೂ ಕಟ್ತೀನಿ" ಎಂದೆ. ಇನ್ನೊಬ್ಬರು ಮಾತ್ರ ಪೆನ್ನು ಕೇಳಿ ತಮ್ಮ ಸಹಿಯನ್ನೂ ಹೊಡೆದುಹಾಕಿದರು. ಉಳಿದವರು ನಕ್ಕರು.

ಉಳಿದ ಗೇಟುಗಳನ್ನು ತೆಗೆಸುವ ಶಕ್ತಿ ನನಗಿಲ್ಲ. ನನ್ನ ಹೊಸ ನಾಲ್ಕು ಮನೆಗಳು ಗಾರೆಗೆ ಸಿದ್ಧವಾಗಿವೆ, ಸೋಮವಾರ ಬಾ. ನೀನು ನೋಡುವವರೆಗೆ ಯಾವ ಮೇಸ್ತ್ರಿಯೂ ಗಾರೆ ಮೆತ್ತುವ ಕರಣೆ ಮುಟ್ಟುವುದಿಲ್ಲ. ಬೋರ್ಡು ಇಳಿಸಬೇಡ. ಮನೆ ಕೊಳ್ಳಲು ಬಂದವರು ನಿನ್ನನ್ನು ನಂಬಬೇಕೋ ಬೇಡವೋ ಎಂದು ಅನುಮಾನಿಸಿದರೆ ಈ ಕಾಗದವನ್ನೇ ಅವರ ಕೈಗೆ ಕೊಡು. ನನ್ನ ಮರ್ಯಾದೆ ಹೋಗುವುದಾದರೆ ನಾನು ಮಾಡಿದ್ದಕ್ಕೇ ಹೋಗಲಿ.

ನಿನ್ನ ಹೊಟ್ಟೆ ತಣ್ಣಗಿರಲಿ, ಕಣ್ಣು ಚುರುಕಾಗಿರಲಿ.

ನಿನ್ನ ಅಣ್ಣ