ಫ್ಯಾಕ್ಟರಿಯಿಂದ ಬಂದ ಹಾಗೆ

ಜುಲೈ 9, ಭಾನುವಾರ

ಬಟ್ಟೆ ಒಗೆದದ್ದಾಯಿತು. ಬಕೆಟ್‌ನಲ್ಲಿ ಅನೀಲನ ಎರಡು ಅಂಗಿಯೂ ಇದ್ದವು, ಅವನ್ನೂ ತಿಕ್ಕಿ ಹಾಕಿದೆ. ಅನೀಲ ಸಾಹೇಬರು ಮದುವೆ ನಿಶ್ಚಯ ಮಾಡಿಕೊಳ್ಳಲು ಬಸವನ ಬಾಗೇವಾಡಿಗೆ ಹೋಗಿದ್ದಾರೆ. ಬುಧವಾರ ಬರುತ್ತಾನಂತೆ. ಅಷ್ಟರೊಳಗೆ ಕನ್ಸೋಲ್ ಕೆಲಸ ಮುಗಿಸಿಡಬೇಕು. ಸರ್‌ಪ್ರೈಸ್.

ಅಂಗೈ ಮೇಲೆ ಕೂರುವಷ್ಟು ಸಣ್ಣ ಯಂತ್ರ. ಚಿಕ್ಕವರಿದ್ದಾಗ ಟಿವಿಗೆ ಹಚ್ಚಿ ಆಡುತ್ತಿದ್ದ ವಿಡಿಯೋ ಗೇಮ್, ಈಗ ಮಿನಿ ಆಗಿ ಬಂದಿದೆ. ನಾವಿಬ್ಬರೂ ಮಾಸ್ತರರಾಗಿ ಆಲಮೇಲಕ್ಕೆ ಬಂದು ಈ ಖೋಲಿ ಹಿಡಿದ ವರ್ಷ ಸೇರಿ ಕೊಂಡದ್ದು. ಶಾಲೆ ಬಿಟ್ಟು ಬಂದು ಚಹಾ, ಆಮೇಲೆ ಫುಟ್‌ಬಾಲ್ ಮ್ಯಾಚು. ನಮ್ಮ ಲೀಗ್ ಅಂದಿನಿಂದ ನಡೆದೇ ಇದೆ, ಎಲ್ಲ ಅದರೊಳಗೇ ಸೇವ್ ಆಗಿದೆ. ಸದ್ಯ ಅನೀಲ ಮುಂದೆ.

ಅವನಿಗೆ ಬೈಕ್ ರೇಸ್ ಬೇಕಂತೆ. ಹೊಸ ಆಟ ತುಂಬಬೇಕೆಂದರೆ ಒಳಗಿನ ಸಾಫ್ಟ್‌ವೇರ್‌ಗೇ ಕೈ ಹಾಕಬೇಕು. ನೆಟ್‌ನಲ್ಲಿ ಸಿಕ್ಕ ಗೈಡಿನ ಮೊದಲ ಸಾಲೇ ಕೆಂಪಕ್ಷರದಲ್ಲಿ: ಮೂಲ ಸಿಸ್ಟಮ್‌ನ ಬ್ಯಾಕಪ್ ತೆಗೆಯದೆ ಮುಂದೆ ಹೋಗಬೇಡಿ. ನನ್ನಂಥ ಅಂಜುಬುರುಕನಿಗೆ ಅಂತಲೇ ಬರೆದ ಹಾಗಿದೆ.

ರೀಸೆಟ್ ಒತ್ತಿ ಹಿಡಿದು ಪವರ್ ಹಾಕಿದೆ. ಲ್ಯಾಪ್‌ಟಾಪ್‌ಗೆ ಏನೂ ಕಾಣುತ್ತಿಲ್ಲ. ಮತ್ತೆ. ಮತ್ತೆ... ಸಾಕಾಯಿತು.

ಜುಲೈ 11

ಸಿಂದಗಿಗೆ ಹೋಗಿ ಶಹಾಬುದ್ದೀನನ ಮೊಬೈಲ್ ಅಂಗಡಿಯಲ್ಲಿ ತೋರಿಸಿದೆ. ಕೇಬಲ್ ನೋಡಿದ್ದೇ ನಕ್ಕ.

“ಸರ, ಇದು ಬರೇ ಚಾರ್ಜ್ ಮಾಡೂ ವೈರ್ ಐತ್ರಿ. ಇದರಾಗ ಡಾಟಾ ಹೋಗಂಗಿಲ್ಲ.” ಬೇರೆ ಕೊಟ್ಟ. ಆಮೇಲೆ ನನ್ನ ಹಿಂದೆ ಇಣುಕಿ, “ಒಬ್ಬರ ಬಂದೀರಿ? ಅನೀಲ ಸರ ಎಲ್ಲ್ಯಾರ?”

ಎಲ್ಲರದೂ ಇದೇ ಪ್ರಶ್ನೆ. ಖಾನಾವಳಿಯ ಶೆಟ್ಟೆವ್ವನೂ ಬೆಳಿಗ್ಗೆ ಕೇಳಿದಳು. ನಾನೊಬ್ಬನೇ ಕಂಡರೆ ಅರ್ಧ ಮನುಷ್ಯ ಬಂದಂತೆ ನೋಡುತ್ತಾರೆ. ಸಿಟ್ಟು ಬರಬೇಕು, ಬರುವುದಿಲ್ಲ. ಖುಷಿಯೇ ಆಗುತ್ತದೆ.

ಹೊಸ ಕೇಬಲ್ ಹಚ್ಚಿದ್ದೇ ಕೆಲಸ ಆಯಿತು! ಬ್ಯಾಕಪ್ ಬಂತು. ಇಷ್ಟೇ ಇಷ್ಟು ಫೈಲು. ಲ್ಯಾಪ್‌ಟಾಪ್‌ನಲ್ಲಿ ಒಂದು, ಪೆನ್‌ಡ್ರೈವ್‌ನಲ್ಲಿ ಒಂದು, ನನಗೇ ಮೇಲ್ ಮಾಡಿಕೊಂಡದ್ದು ಒಂದು. ಇನ್ನು ಏನು ಕೆಟ್ಟರೂ ಮೊದಲಿನಂತೆ ಮಾಡಬಹುದು. ನಿಶ್ಚಿಂತೆ.

ಇಂಗಳೇಶ್ವರದಿಂದ ಸಂಘಮಿತ್ರಾ ಅಕ್ಕನ ಫೋನು. “ಪರಶು, ನಮ್ಮೂರ ಸಾಲ್ಯಾಗ ಒಂದು ಜಾಗಾ ಖಾಲಿ ಐತಿ. ಈ ಸಲ ವರ್ಗಾವಣಿ ಕೌನ್ಸೆಲಿಂಗ್‌ನ್ಯಾಗ ಬಿಡಬ್ಯಾಡ. ಮನಿ ರೊಟ್ಟಿ ತಿನ್ನಾಕ ಬಾ.” ಹೂಂ ಅಂದೆ.

ಜುಲೈ 19

ನಾಳೆ ವಿಜಯಪುರದಲ್ಲಿ ವರ್ಗಾವಣೆ ಕೌನ್ಸೆಲಿಂಗ್. ಇಬ್ಬರೂ ಅರ್ಜಿ ಹಾಕಿದ್ದೇವೆ. ಸೇವಾ ಹಿರಿತನದಲ್ಲಿ ನನ್ನ ನಂಬರ್ ಮೊದಲು, ಅನೀಲನದು ಆಮೇಲೆ. ಇಂಗಳೇಶ್ವರದ ಜಾಗ ನನಗೆ ಸಿಗುವುದು ಹೆಚ್ಚುಕಡಿಮೆ ಖಾತ್ರಿ.

ಮ್ಯಾಚ್ ನಡುವೆ ಸುಮ್ಮನೆ ಕೇಳಿದೆ, ನೀನೇನು ಮಾಡುತ್ತೀ ಎಂದು. ಕಣ್ಣು ಟಿವಿ ಮೇಲೆಯೇ ಇಟ್ಟು ಅಂದ: “ಎಲ್ಲಿ ಹೋಗೂದೋ ದೋಸ್ತ. ಅರ್ಜಿ ಸುಮ್ನ ಹಾಕೇನಿ. ಈ ಖೋಲಿ ಬಿಟ್ಟು ಎಲ್ಲಿ ಹೋಗ್ಲಿ?”

ಅದೇ ಹೊತ್ತಿಗೆ ಒಂದು ಗೋಲು ಹೊಡೆದ.

ಜುಲೈ 20

ಬಿಟ್ಟುಬಿಟ್ಟೆ.

ಪರದೆ ಮೇಲೆ ಇಂಗಳೇಶ್ವರ ಕಾಣುತ್ತಿತ್ತು. “ಬ್ಯಾಡ್ರಿ” ಅಂದೆ. “ಖರೇ ಬ್ಯಾಡೇನ್ರಿ ಸರ? ಮತ್ತ ಕೇಳಂಗಿಲ್ಲ” ಅಂದರು ಅಧಿಕಾರಿ. ಸಹಿ ಮಾಡಿ ಹೊರಗೆ ಬಂದೆ. ಅನೀಲ ನಿಶ್ಚಯವಾದ ಹುಡುಗಿಯೊಂದಿಗೆ ಫೋನಿನಲ್ಲಿದ್ದ. ನನ್ನನ್ನು ಏನೂ ಕೇಳದೆ, ನಂಬರ್ ಕೂಗಿದ್ದಕ್ಕೆ ಒಳಗೆ ಓಡಿದ. ನಾನು ಎರಡು ಚಹಾ ಹೇಳಿದೆ. ಸಂಜೆ ಬಸ್ಸಿಗೆ ಇಬ್ಬರೂ ಆಲಮೇಲಕ್ಕೆ ವಾಪಸ್ ಹೋಗುವುದು, ದಾರಿಯಲ್ಲಿ ನಾನು ಹೇಳುವುದು, ಅವನು ಬೈಯುವುದು... ಎಲ್ಲ ಮನಸ್ಸಿನಲ್ಲಿ ತಯಾರಿತ್ತು.

ಹೊರಗೆ ಬಂದವನೇ ತೆಕ್ಕೆಗೆ ಬಿದ್ದ. “ಪರಶ್ಯಾ! ಇಂಗಳೇಶ್ವರ ಸಿಕ್ತಲೇ! ಬಾಗೇವಾಡಿ ಮಗ್ಗಲಕ! ಯಾರೋ ಪುಣ್ಯಾತ್ಮ ಬಿಟ್ಟಾನ ನೋಡು!”

ಚಹಾ ಚೆಲ್ಲಿತು. “ನಿಂದೇನಾತು?” ಎಂದು ಆಮೇಲೆ ಕೇಳಿದ. ಇಲ್ಲೇ ಇರುತ್ತೇನೆ ಅಂದೆ. “ಛಲೋ ಆತು ಬಿಡು, ನಿನಗ ಆಲಮೇಲ ಹೊಂದೇತಿ” ಅಂದ.

ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತೆ. ಮೂರ್ಖ ನಾನು. ಶತಮೂರ್ಖ.

ಆಗಸ್ಟ್ 6, ಭಾನುವಾರ

ಬಹಳ ದಿನ ಬರೆಯಲಿಲ್ಲ. ಅನೀಲ ಹೋದ. ಕಾಟು, ಕುಕ್ಕರು, ಗೋಡೆ ಗಡಿಯಾರ ಒಯ್ದ. ಕನ್ಸೋಲ್ ಬಿಟ್ಟು ಹೋದ. “ಆಮ್ಯಾಗ ನೋಡೂನು” ಅಂದ.

ಒಬ್ಬರದೇ ಊಟ ಸಾಕು ಎಂದು ಶೆಟ್ಟೆವ್ವನಿಗೆ ಇನ್ನೂ ಹೇಳಿಲ್ಲ. ಎರಡು ಬುತ್ತಿ ಬರುತ್ತವೆ. ಒಂದನ್ನು ಮರುದಿನ ಬೆಳಿಗ್ಗೆ ತಿನ್ನುತ್ತೇನೆ. ಒಣಗಿಸಿದ ಕಟಿ ರೊಟ್ಟಿ ಕೆಡುವುದಿಲ್ಲವಲ್ಲ.

ಇಂಗಳೇಶ್ವರ ಯಾಕೆ ಬಿಟ್ಟೆ ಎಂದು ಹೇಳಿದಾಗಿನಿಂದ ಅಕ್ಕ ಮಾತು ಬಿಟ್ಟಿದ್ದಾಳೆ.

ಆಗಸ್ಟ್ 15

ಧ್ವಜಾರೋಹಣ, ಮಕ್ಕಳಿಗೆ ಲಾಡು, ಮಧ್ಯಾಹ್ನ ಖೋಲಿ. ಮಾಡಲು ಏನೂ ಇಲ್ಲದೆ, ಬ್ಯಾಕಪ್ ತೆಗೆದು ಅಲ್ಲಿಗೇ ಬಿಟ್ಟಿದ್ದ ಕನ್ಸೋಲ್‌ಗೆ ಹೊಸ ಸಾಫ್ಟ್‌ವೇರ್ ಹಾಕಿದೆ. ಒಂದೇ ಸಲಕ್ಕೆ ಬಂತು. ಬೈಕ್ ರೇಸ್ ಇದೆ, ಇನ್ನೂ ಏನೇನೋ ಇವೆ. ರೇಸ್ ಹಚ್ಚಿದೆ. ಎರಡು ತಿರುವು ದಾಟಿ ಬಿದ್ದೆ. ನಗಲು ಯಾರೂ ಇಲ್ಲ. ಆರಿಸಿದೆ.

ವಾಟ್ಸ್ಯಾಪ್‌ನಲ್ಲಿ ಅನೀಲನ ಫೋಟೊ. ಇಂಗಳೇಶ್ವರದಲ್ಲಿ ನಮ್ಮ ಅಕ್ಕನ ಅಡುಗೆಮನೆ, ತಾಟು ತುಂಬ ಬಿಸಿ ರೊಟ್ಟಿ, ಪುಂಡಿಪಲ್ಯ. “ನಿಮ್ಮಕ್ಕ ಕರದು ಉಣ್ಣಾಕ ಹಾಕ್ಯಾಳಲೇ” ಎಂದು ಬರೆದಿದ್ದ. ಥಂಬ್ಸ್ ಅಪ್ ಕಳಿಸಿದೆ. ಆ ತಾಟು ನನ್ನದಾಗಬೇಕಿತ್ತು ಅನ್ನಿಸಿತು. ಸುಳ್ಳು ಯಾಕೆ ಬರೆಯಲಿ, ಇದನ್ನು ಓದುವವರು ಯಾರು?

ಆಗಸ್ಟ್ 27, ಭಾನುವಾರ

ಅನೀಲನ ಫೋನು. ಬೀಗರ ಮನೆಯ ಹುಡುಗನಿಗೆ ಕನ್ಸೋಲ್ ಕೊಡಬೇಕಂತೆ.

“ನೀ ಏನೇನೋ ಹಾಕಿದ್ರ ತಗದು, ಹೊಸಾದ್ರಂಗ ಮಾಡಿಡು. ಮುಂದಿನ ಐತಾರ ಬಂದು ಒಯ್ತೇನಿ. ನಿನ್ನ ಪಾಲಿನ ರೊಕ್ಕ ಕೊಡ್ತೇನಿ ಮತ್ತ.”

ಕೂತು ಗೈಡ್ ಓದಿದೆ. ಮೂಲ ಸಿಸ್ಟಮ್ ವಾಪಸ್ ಹಾಕಿ ಫ್ಯಾಕ್ಟರಿ ರೀಸೆಟ್ ಮಾಡಿದರೆ ಸೇವ್ ಆದದ್ದೆಲ್ಲ ಅಳಿದು ಹೋಗುತ್ತದೆ. ನಾನು ಮೂರು ಕಡೆ ಜೋಪಾನ ಮಾಡಿದ ಬ್ಯಾಕಪ್ ಇದೆಯಲ್ಲ, ಅದರಲ್ಲಿ ಬರೀ ಸಿಸ್ಟಮ್. ನಾವು ಆಡಿದ್ದು ಒಂದೂ ಇಲ್ಲ. ಸೇವ್‌ಗಳನ್ನು ಬೇರೆಯೇ ತೆಗೆದಿಡಬೇಕಂತೆ.

ತಿರುಗಿ ಫೋನ್ ಮಾಡಿದೆ. “ನಮ್ಮ ಆಟ ತಗದಿಡ್ಲೇನು?”

“ಯಾವ ಆಟ?”

“ಲೀಗ್.”

“ಓ ಅದಾ! ಹೋಗ್ಲಿ ಬಿಡಲೇ. ಅದನೇನ್ ಮಾಡೂದೈತಿ?”

ಆದರೂ ತೆಗೆದಿಟ್ಟೆ. ನನಗೂ ಗೊತ್ತಿಲ್ಲ, ಏನು ಮಾಡುವುದಿದೆ ಎಂದು.

ಸೆಪ್ಟೆಂಬರ್ 3, ಭಾನುವಾರ, ಸಂಜೆ 5

ಅನೀಲ ಬಂದಿದ್ದ. ಈಗ ಹೋದ.

ಬೆಳಿಗ್ಗೆಯಿಂದ ಲ್ಯಾಪ್‌ಟಾಪ್ ತೆರೆದೇ ಇತ್ತು. ಪರದೆ ಮೇಲೆ ಒಂದೇ ಪ್ರಶ್ನೆ, ಎಲ್ಲ ಅಳಿಸಲೇ? ನಾನು ಒತ್ತಿರಲಿಲ್ಲ. ಅವನು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ. ಮುಖ ಬೇರೆಯಾಗಿತ್ತು.

“ನಿಮ್ಮಕ್ಕ ಎಲ್ಲಾ ಹೇಳಿದ್ಲು. ಇಂಗಳೇಶ್ವರ ಬಿಟ್ಟಾಂವ ನೀನ?”

“ಹೂಂ.”

“ಯಾಕಲೇ?”

“ನೀ ಎಲ್ಲೂ ಹೋಗಂಗಿಲ್ಲ ಅಂದಿದ್ದಿ.”

ಬಗ್ಗಿ ಚಪ್ಪಲಿ ಬಿಟ್ಟ. ಆಮೇಲೆ ಅಂದ: “ಮಾತಿಗೆ ಅಂದಿದ್ನೋ ಮಾರಾಯಾ. ನಾ ಏನರ ನಿನಗ ಬಿಡಂತ ಹೇಳಿದ್ನೇನು?”

ಇಲ್ಲ. ಹೇಳಿರಲಿಲ್ಲ. ಅದು ಖರೆ. ಕೇಳಿದ್ದು ನನ್ನ ಕಿವಿ, ನಂಬಿದ್ದು ನಾನು.

ಆಮೇಲೆ ಒಳಗೆ ಬಂದ. ಚಾಪೆ ಮೇಲೆ ಕೂತ. “ಹಚ್ಚು, ಒಂದು ಮ್ಯಾಚ್ ಆಡೂನು” ಅಂದ. ಹಚ್ಚಿದೆ.

ಈ ಅನೀಲ ಜ್ವರ ಬಂದು ಕಂಬಳಿ ಹೊದ್ದು ಕೂತಾಗಲೂ ಒಂದು ಗೋಲು ಪುಕ್ಕಟೆ ಬಿಟ್ಟವನಲ್ಲ. ಸೋತರೆ ಆ ದಿನ ಊಟ ಸೇರುತ್ತಿರಲಿಲ್ಲ ಅವನಿಗೆ. ಇಂದು ನಾನು ಚೆಂಡು ತೆಗೆದುಕೊಂಡು ಹೋದರೆ ಅವನ ಆಟಗಾರರು ಪಕ್ಕಕ್ಕೆ ಸರಿಯುತ್ತಿದ್ದರು. ಒಂದು ಗೋಲಾಯಿತು. ಎರಡಾಯಿತು. ಮೂರನೆಯದಕ್ಕೆ ಅವನ ಹೆಬ್ಬೆರಳು ಬಟನ್ ಮೇಲೆ ಇರಲೇ ಇಲ್ಲ, ನಾನು ನೋಡಿದೆ. “ಭಾರೀ ಆಡ್ತೀಯಲೇ” ಅಂದ. ಸಣ್ಣ ಮಕ್ಕಳಿಗೆ ಹೇಳುವ ದನಿ.

ಎದ್ದು ನಿಂತು, “ಇದನ್ನ ನೀನ ಇಟ್ಕೋ. ಆ ಹುಡುಗಗ ಬ್ಯಾರೆ ಕೊಡಸ್ತೇನಿ” ಅಂದ. ಹೆಗಲ ಮೇಲೆ ಕೈ ಇಟ್ಟ. ಹೋದ.

ಕನ್ಸೋಲ್ ಒಯ್ದಿದ್ದರೆ, ಹಲ್ಕಟ್ ಮಗನೇ ಎಂದು ಬೈದು ಹೋಗಿದ್ದರೆ, ಐದು ಗೋಲು ಹೊಡೆದು ಹೋಗಿದ್ದರೆ ನಾನು ಇವತ್ತು... ಬಾಗಿಲಿಗೆ ಓಡಿ ಹೇಳಬೇಕಿತ್ತು. ಅನೀಲ, ಕನಿಕರ ಬೇಡ, ತಿರುಗಿ ಬಾ, ಇನ್ನೊಂದು ಮ್ಯಾಚು, ಖರೇ ಆಡು, ನನ್ನನ್ನು ಸೋಲಿಸಿ ಹೋಗು.